ಕತ್ತಿವರಸೆಗೆ ವಯಸ್ಸು ಮೀರಿತೆಂಬ ತಪ್ಪು ಕಲ್ಪನೆ

ಕತ್ತಿವರಸೆ ಎಂದೊಡನೆ ಕನ್ನಡಿಗರ ಕಣ್ಣ ಮುಂದೆ ಐತಿಹಾಸಿಕ ಚಲನಚಿತ್ರಗಳ ರಣರಂಗ ಸುಳಿಯುವುದರಿಂದ, ಇಂದು ಫೆನ್ಸಿಂಗ್ ಎಂಬ ಹೆಸರಿನಲ್ಲಿ ಆಡುವ ಕ್ರೀಡೆಯೂ ಅಂಥದೇ ಸಾಹಸವೆಂದೂ, ಬಾಲ್ಯದಲ್ಲಿ ಕಲಿಯದವರಿಗೆ ಅದು ದಕ್ಕದೆಂದೂ ಅನೇಕ ವಯಸ್ಕರು ಭಾವಿಸಿದ್ದಾರೆ. ಒಲಿಂಪಿಕ್ ಪದಕದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಹವ್ಯಾಸದ ಆಟಕ್ಕೆ ಅದನ್ನೇ ಅನ್ವಯಿಸುವುದು ಸರಿಯಲ್ಲ. ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 50, 60 ಮತ್ತು 70 ದಾಟಿದವರಿಗೆ ಪ್ರತ್ಯೇಕ ವಿಭಾಗಗಳೇ ಇವೆ.

ಈ ಕ್ರೀಡೆಯಲ್ಲಿ ಮೂರು ಬಗೆಯ ಕತ್ತಿಗಳಿವೆ. ಮುಂಡಭಾಗವನ್ನು ಮಾತ್ರ ಮೊನೆಯಿಂದ ಮುಟ್ಟಬೇಕಾದದ್ದು ಫಾಯಿಲ್. ಸೊಂಟದ ಮೇಲ್ಭಾಗವನ್ನು ಮೊನೆಯಿಂದಲೂ ಅಲಗಿನಿಂದಲೂ ಮುಟ್ಟಬಹುದಾದದ್ದು ಸೇಬರ್. ಅಡಿಯಿಂದ ಮುಡಿಯವರೆಗೆ ಇಡೀ ದೇಹವೇ ಗುರಿಯಾದದ್ದು ಎಪೆ. ಮೊದಲೆರಡರಲ್ಲಿ, ಇಬ್ಬರೂ ಏಕಕಾಲಕ್ಕೆ ಮುಟ್ಟಿದಾಗ ದಾಳಿಯ ಹಕ್ಕು ಯಾರದಾಗಿತ್ತೆಂದು ತೀರ್ಪುಗಾರರು ನಿರ್ಧರಿಸುತ್ತಾರೆ. ಎಪೆಯಲ್ಲಿ ಆ ಜಟಿಲತೆಯಿಲ್ಲ, ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಇಬ್ಬರೂ ಮುಟ್ಟಿದರೆ ಇಬ್ಬರಿಗೂ ಅಂಕ ಸಲ್ಲುತ್ತದೆ. ಕಾದು ನೋಡುವ ತಾಳ್ಮೆ, ಎದುರಾಳಿಯ ದೂರವನ್ನು ಅಳೆಯುವ ಕಣ್ಣು, ಸಮಯ ಸಾಧಿಸುವ ವಿವೇಕ ಇವೆಲ್ಲಕ್ಕೆ ಎಪೆಯಲ್ಲಿ ಬೆಲೆಯಿರುವುದರಿಂದ, ತಡವಾಗಿ ಕಲಿಯುವವರಿಗೆ ಅದೇ ಹೆಚ್ಚು ಒಗ್ಗುತ್ತದೆ.

ತೋಳ್ಬಲ ಬೇಕೆಂಬುದು ಮತ್ತೊಂದು ನಂಬಿಕೆ. ಮೂರರಲ್ಲಿ ಭಾರವಾದ ಎಪೆಯ ತೂಕವೂ 770 ಗ್ರಾಂ ಮೀರುವಂತಿಲ್ಲ; ಹೆಬ್ಬೆರಳು ಮತ್ತು ತೋರುಬೆರಳಿನಿಂದ ನಡೆಸಬೇಕಾದ ಕತ್ತಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಷ್ಟೂ ಮೊನೆ ಗುರಿತಪ್ಪುತ್ತದೆ.

ಅಪಾಯದ ಭಯ ಇವೆಲ್ಲಕ್ಕಿಂತ ಆಳವಾದದ್ದು, ಅದಕ್ಕೆ ಕಾರಣವೂ ಇಲ್ಲದಿಲ್ಲ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಮುರಿದ ಅಲಗು ಮುಖವಾಡವನ್ನು ಭೇದಿಸಿ, ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೋವ್ ಪ್ರಾಣ ಕಳೆದುಕೊಂಡರು. ಮುಖವಾಡ, ಉಡುಪು, ಅಲಗಿನ ಉಕ್ಕು ಇವುಗಳ ಮಾನದಂಡಗಳು ಬಿಗಿಯಾದದ್ದು ಆ ದುರಂತದ ನಂತರ. ಇಂದಿನ ಎಪೆಯ ತುದಿಯಲ್ಲಿ ಚೂಪಿಲ್ಲ, ಸ್ಪ್ರಿಂಗ್ ಅಳವಡಿಸಿದ ಚಪ್ಪಟೆ ಗುಂಡಿಯಿದೆ. ಪಂದ್ಯಕ್ಕೆ ಮುನ್ನ ಕತ್ತಿಯನ್ನು ನೆಟ್ಟಗೆ ನಿಲ್ಲಿಸಿ, ಆ ಗುಂಡಿಯ ಮೇಲೆ 750 ಗ್ರಾಂ ತೂಕದ ಬಟ್ಟನ್ನು ಇಟ್ಟಾಗ ಸ್ಪ್ರಿಂಗ್ ಅದನ್ನು ಎತ್ತಿ ಹಿಡಿಯಬೇಕು, ಇಲ್ಲವಾದರೆ ಕತ್ತಿಯನ್ನು ತಿರಸ್ಕರಿಸಲಾಗುತ್ತದೆ. ಕತ್ತಿಯ ಗಾಯಕ್ಕಿಂತ ಕಾಲಿನ ನೋವೇ ಇಲ್ಲಿ ಸಾಮಾನ್ಯ: ಉಳುಕಿದ ಕಣಕಾಲು, ಸೆಳೆತಕ್ಕೊಳಗಾದ ತೊಡೆಯ ಸ್ನಾಯು, ದಣಿದ ಮೊಣಕಾಲು. ಮುಂಗಾಲನ್ನು ಚಾಚಿ ಎರಗುವಾಗ ಮೊಣಕಾಲು ಪಾದದ ನೇರಕ್ಕಿರುವಂತೆ ರೂಢಿಸಿಕೊಳ್ಳುವುದು, ಮೊದಲ ದಿನಗಳಲ್ಲಿ ಹಿಂದುಮುಂದಿನ ಹೆಜ್ಜೆಗಳನ್ನಷ್ಟೇ ಅಭ್ಯಾಸ ಮಾಡುವುದು ವಯಸ್ಕರಿಗೆ ನಿಜವಾದ ರಕ್ಷಾಕವಚ.

ದೇಹದ ನ್ಯೂನತೆಯೂ ಇಲ್ಲಿ ಅಡ್ಡಿಯಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆಳೆದ ಗಾಲಿಕುರ್ಚಿ ಫೆನ್ಸಿಂಗ್ 1960ರ ರೋಮ್ ಪ್ಯಾರಾಲಿಂಪಿಕ್ಸ್‌ನಲ್ಲೇ ಇತ್ತು. ಕುರ್ಚಿಗಳನ್ನು ಚೌಕಟ್ಟಿಗೆ ಬಿಗಿದು ನಿಲ್ಲಿಸುವುದರಿಂದ, ಹಿಂದೆ ಸರಿಯಲಾಗದ ಆ ಆಟದಲ್ಲಿ ಕೈಚಳಕಕ್ಕೇ ಪ್ರಾಧಾನ್ಯ.

ವೆಚ್ಚದ ಆತಂಕ ಅರ್ಧಸತ್ಯವಷ್ಟೇ: ಪೂರ್ಣ ಸಾಮಗ್ರಿ ದುಬಾರಿಯಾದರೂ, ಹೊಸಬರಿಗೆ ಮುಖವಾಡ ಮತ್ತು ಕತ್ತಿಯನ್ನು ಎರವಲು ಕೊಡುವ ಪದ್ಧತಿ ಅನೇಕ ತರಬೇತಿ ಕೇಂದ್ರಗಳಲ್ಲಿದೆ. ಚೆನ್ನೈನ ಭವಾನಿ ದೇವಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೇಬರ್ ಹಿಡಿದು, ಆ ಕಣಕ್ಕಿಳಿದ ಮೊದಲ ಭಾರತೀಯ ಫೆನ್ಸರ್ ಎನಿಸಿಕೊಂಡರು. ಆದರೂ ಭಾರತದಲ್ಲಿ ಈ ಕಲಿಕೆ ಇನ್ನೂ ಬಹುಮಟ್ಟಿಗೆ ಶಾಲಾಮಕ್ಕಳ ಸುತ್ತಲೇ ಇದೆ. ಆದ್ದರಿಂದ ನಲವತ್ತರ ಹೊಸಬರು ಹನ್ನೆರಡರ ಮಕ್ಕಳೆದುರು ನಿಂತು, ಮೊದಮೊದಲು ಸೋಲಬೇಕಾಗಿ ಬರುವುದು ಸಹಜ. ಆ ಸಂಕೋಚವನ್ನು ಹುಸಿಯೆಂದು ತಳ್ಳಿಹಾಕುವಂತಿಲ್ಲ. ಸಂಜೆ ಏಳರ ನಂತರ ವಯಸ್ಕರಿಗೆಂದೇ ಒಂದು ತರಗತಿ ನಡೆಸಿ ಕೇಂದ್ರಗಳು ಅದನ್ನು ಬಹಳಷ್ಟು ಕಡಿಮೆ ಮಾಡಬಲ್ಲವು.