ಏರ್ ಇನ್‌ಟೇಕ್ ಕಿಟ್‌ನಿಂದ ಡೀಸೆಲ್ ಉಳಿಯುವುದೇ?

ಸರಕು ಸಾಗಣೆಯ ವೆಚ್ಚದಲ್ಲಿ ಡೀಸೆಲಿನದೇ ದೊಡ್ಡ ಪಾಲು. ಆದುದರಿಂದ, ಇಂಜಿನ್ನಿಗೆ ಹೆಚ್ಚು ಗಾಳಿ ಒದಗಿಸಿ ಮೈಲೇಜು ಹೆಚ್ಚಿಸುವುದಾಗಿ ಹೇಳುವ ಏರ್ ಇನ್‌ಟೇಕ್ ಕಿಟ್‌ಗಳಿಗೆ ಲಾರಿ ಮಾಲೀಕರು ಮನಸೋಲುವುದು ಸಹಜ.

ಆದರೆ ಸುಸ್ಥಿತಿಯಲ್ಲಿರುವ ಡೀಸೆಲ್ ಇಂಜಿನ್ನಿಗೆ ಗಾಳಿಯ ಕೊರತೆ ಇರುವುದಿಲ್ಲ. ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 12 ಕಿಲೋ ಗಾಳಿ ಸಾಕು. ಟರ್ಬೋಚಾರ್ಜರ್ ಉಳ್ಳ ಲಾರಿಯು ಅದಕ್ಕಿಂತ ಹೆಚ್ಚನ್ನೇ ಒಳಗೆಳೆದುಕೊಳ್ಳುತ್ತದೆ. ಶಕ್ತಿಯನ್ನು ನಿರ್ಧರಿಸುವುದು ಇಂಜೆಕ್ಟರು ಸಿಂಪಡಿಸುವ ಇಂಧನದ ಪ್ರಮಾಣ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡು ಕಪ್ಪು ಹೊಗೆ ಬರುತ್ತಿದ್ದರೆ ಹೊಸದನ್ನು ಹಾಕಿದಾಗ ಗುಣ ಕಾಣುವುದು ನಿಜ. ಆ ಗುಣ ಕಂಪನಿಯ ಸಾಧಾರಣ ಫಿಲ್ಟರಿನಿಂದಲೂ ದೊರೆಯುತ್ತದೆ.

ಗಾಳಿಯನ್ನು ಸರಾಗವಾಗಿ ಬಿಡುವ ಫಿಲ್ಟರ್ ಕೆಲವೊಮ್ಮೆ ಧೂಳನ್ನೂ ಸರಾಗವಾಗಿಯೇ ಬಿಡುತ್ತದೆ. ಸಂಡೂರಿನ ಅದಿರು ರಸ್ತೆಗಳಂತಹ ಕಡೆ ಆ ಧೂಳು ಟರ್ಬೋದ ಅಲಗುಗಳನ್ನೂ ಪಿಸ್ಟನ್ ರಿಂಗುಗಳನ್ನೂ ಸವೆಸಿದರೆ, ಬರುವ ರಿಪೇರಿಯ ಖರ್ಚು ಉಳಿತಾಯವನ್ನೆಲ್ಲ ನುಂಗೀತು.

ತಿಂಗಳಿಗೆ 6,000 ಕಿಲೋಮೀಟರ್ ಓಡಿ, ಲೀಟರಿಗೆ 4 ಕಿಲೋಮೀಟರ್ ಕೊಡುವ ಲಾರಿಗೆ 1,500 ಲೀಟರ್ ಡೀಸೆಲ್ ಬೇಕು. ಶೇಕಡಾ 5ರ ಉಳಿತಾಯವೆಂದರೆ 75 ಲೀಟರ್. ಹೊರೆ, ಚಾಲಕ, ಟೈರಿನ ಗಾಳಿ ಬದಲಾದರೂ ಇಷ್ಟು ವ್ಯತ್ಯಾಸ ಬರಬಹುದು. ಆದ್ದರಿಂದ ಅದೇ ಮಾರ್ಗ, ಅದೇ ಹೊರೆ, ಅದೇ ಚಾಲಕನೊಡನೆ ಕಿಟ್ ಹಾಕುವ ಮೊದಲೂ ಅನಂತರವೂ ಕೆಲವು ಟ್ರಿಪ್‌ಗಳಲ್ಲಿ ಟ್ಯಾಂಕ್ ತುಂಬಿಸಿ ಅಳೆಯತಕ್ಕದ್ದು. ಲಾಭ ಕಾಣದಿದ್ದರೆ ಹಣ ಹಿಂದಿರುಗಿಸುವುದಾಗಿ ಮಾರಾಟಗಾರರಿಂದ ಬರಹದಲ್ಲಿ ಪಡೆದೇ ಖರೀದಿಸುವುದು ಲೇಸು.