ಮುಕ್ತ ತಂತ್ರಾಂಶದ ಕೈಪಿಡಿಯಲ್ಲಿ ಇತರ ಸಾಧನಗಳ ಉಲ್ಲೇಖ: ಅರ್ಜಿದಾರರ ಮಾಹಿತಿಗಾಗಿ

ಸಾರ್ವಜನಿಕರು ಅರ್ಜಿಯೊಂದಿಗೆ ಲಗತ್ತಿಸುವ ಕನ್ನಡ ಮನವಿಪತ್ರಗಳನ್ನು ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶದಲ್ಲಿ ಶುಲ್ಕವಿಲ್ಲದೆ ಸಿದ್ಧಪಡಿಸಬಹುದಾಗಿದೆ. ಆದರೆ ಕನ್ನಡ ಕೀಲಿಮಣೆಯ ವ್ಯವಸ್ಥೆ ಅದರಲ್ಲಿ ಅಡಕವಾಗಿರುವುದಿಲ್ಲ. ಆ ಕಾರ್ಯವನ್ನು ಲಿನಕ್ಸ್‌ನಲ್ಲಿ ಐಬಸ್, ವಿಂಡೋಸ್‌ನಲ್ಲಿ ಅದರದೇ ಕನ್ನಡ ಕೀಲಿಮಣೆ ಅಥವಾ ನುಡಿ, ಬರಹ ಮುಂತಾದ ತಂತ್ರಾಂಶಗಳು ನಿರ್ವಹಿಸುತ್ತವೆ. ಆದ್ದರಿಂದ ಕೈಪಿಡಿಯಲ್ಲಿ ಇತರರ ಸಾಧನಗಳ ಹೆಸರನ್ನೇ ಎತ್ತಬಾರದೆಂಬ ನಿಲುವು ಹೊಸ ಬಳಕೆದಾರರನ್ನು ಮೊದಲ ಪುಟದಲ್ಲಿಯೇ ತಡೆದು ನಿಲ್ಲಿಸುತ್ತದೆ.

ಹೆಸರೊಂದೇ ಇದ್ದರೂ ಸಾಲದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯಲ್ಲಿ ಹಳೆಯ ಆಸ್ಕಿ ಅಕ್ಷರಶೈಲಿಗಳೂ ಇವೆ, ಯೂನಿಕೋಡ್ ಸೌಲಭ್ಯವೂ ಇದೆ. "ನುಡಿಯಲ್ಲಿ ಬೆರಳಚ್ಚು ಮಾಡಿ" ಎಂದಷ್ಟೇ ಇರುವ ಸೂಚನೆಯನ್ನು ನಂಬಿ ಮಹಾಲಿಂಗಪುರದ ಅರ್ಜಿದಾರರು ಹಳೆಯ ಅಕ್ಷರಶೈಲಿಯಲ್ಲಿ ಕಡತ ಕಳುಹಿಸಿದಲ್ಲಿ, ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ಅವರ ಹೆಸರು, ವಿಳಾಸ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳಾಗಿ ಕಾಣುತ್ತವೆ. ತಪ್ಪು ಸೂಚನೆಯದು, ವಿಳಂಬ ಮಾತ್ರ ಅರ್ಜಿದಾರರ ಪಾಲಿಗೆ.

ಆದಕಾರಣ ಕೈಪಿಡಿಯು ಮೊದಲು ಮಾನಕವನ್ನು, ಅಂದರೆ ಯೂನಿಕೋಡ್ ಕನ್ನಡವನ್ನು, ಸ್ಪಷ್ಟವಾಗಿ ತಿಳಿಸತಕ್ಕದ್ದು. ಸಾಧನಗಳನ್ನು ಆನಂತರ ಉದಾಹರಣೆಯಾಗಿ, ಆವೃತ್ತಿ ಹಾಗೂ ಪರಿಶೀಲಿಸಿದ ದಿನಾಂಕದೊಡನೆ ಹೆಸರಿಸುವುದು ಸೂಕ್ತ. ಪಿಡಿಎಫ್ ಕಡತಗಳಿಗೂ ಇದೇ ಅನ್ವಯಿಸುತ್ತದೆ. ಪಿಡಿಎಫ್ 2008ರಲ್ಲಿಯೇ ಐಎಸ್‌ಒ ಮಾನಕವಾಗಿರುವುದರಿಂದ, ಅದನ್ನು ತೆರೆಯಲು ಒಂದೇ ಕಂಪನಿಯ ತಂತ್ರಾಂಶ ಕಡ್ಡಾಯವೆಂಬಂತೆ ಬರೆಯಲು ಕಾರಣವಿಲ್ಲ.

ಅರ್ಜಿದಾರರು ತಮ್ಮ ಕಡತದ ಒಂದು ಸಾಲನ್ನು ನಕಲಿಸಿ ಇ-ಮೇಲ್‌ನಲ್ಲಿ ಅಕ್ಷರಶೈಲಿಯಿಲ್ಲದ ಸರಳ ಪಠ್ಯವಾಗಿ ಅಂಟಿಸಿ ನೋಡಬಹುದು. ಕನ್ನಡವಾಗಿಯೇ ಕಂಡಲ್ಲಿ ಅದು ಯೂನಿಕೋಡ್. ಇಂಗ್ಲಿಷ್ ಅಕ್ಷರಗಳು ಕಂಡಲ್ಲಿ ಸಲ್ಲಿಸುವ ಮುನ್ನ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು.