ಜೇನು ಪೆಟ್ಟಿಗೆಯ ಬಾಗಿಲಲ್ಲಿ ಕಣಜ

ಹಿತ್ತಲಲ್ಲೋ ತಾರಸಿಯ ಮೇಲೋ ಒಂದು ಜೇನು ಪೆಟ್ಟಿಗೆ ಇಟ್ಟುಕೊಂಡಿರುವ ಸಹೋದರಿಯರೇ, ಮಳೆಗಾಲ ಮುಗಿಯುತ್ತಾ ಬಂದಾಗ ಅದರ ಬಾಗಿಲನ್ನು ಸ್ವಲ್ಪ ಹೊತ್ತು ಗಮನಿಸಿ ನೋಡಿ. ಕಪ್ಪು ಮೈಯ, ಹೊಟ್ಟೆಯ ಮೇಲೆ ಹಳದಿ ಪಟ್ಟಿಯ, ಜೇನುನೊಣಕ್ಕಿಂತ ಎರಡು ಪಟ್ಟು ದೊಡ್ಡದಾದ ಹುಳುವೊಂದು ಅಲ್ಲಿ ಸುಳಿದಾಡುತ್ತಿರಬಹುದು. ಪರಾಗ ಹೊತ್ತು ದಣಿದು ಬರುವ ನೊಣವನ್ನು ಅದು ಗಾಳಿಯಲ್ಲೇ ಹಿಡಿಯುತ್ತದೆ. ತಲೆ, ರೆಕ್ಕೆಗಳನ್ನು ಕತ್ತರಿಸಿ ಉಳಿದದ್ದನ್ನು ತನ್ನ ಗೂಡಿನ ಮರಿಗಳಿಗೆ ಒಯ್ಯುತ್ತದೆ. ಅದೇ ಕಣಜ. ಕೆಲವರು ಕಡಜ ಎನ್ನುತ್ತಾರೆ.

ದಿನಕ್ಕೆ ನಾಲ್ಕಾರು ನೊಣಗಳು ಹೋದರೆ ಬಲವಾದ ಕುಟುಂಬ ತಡೆದುಕೊಳ್ಳುತ್ತದೆ. ಆದರೆ ಕುಟುಂಬ ಚಿಕ್ಕದಾಗಿದ್ದರೆ ಭಯದಿಂದ ನೊಣಗಳು ಹೊರಗೆ ಹೋಗುವುದನ್ನೇ ನಿಲ್ಲಿಸುತ್ತವೆ. ಒಳಗೆ ಆಹಾರ ಕಡಿಮೆಯಾಗುತ್ತದೆ. ಒಂದು ದಿನ ಮುಚ್ಚಳ ತೆಗೆದರೆ ಖಾಲಿ ಎರಿಗಳು ಮಾತ್ರ ಕಾಣುತ್ತವೆ. ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಪೆಟ್ಟಿಗೆ ನೋಡಿಕೊಂಡ ಗೃಹಿಣಿಗೆ ಅದು ಸಣ್ಣ ನಷ್ಟವಲ್ಲ.

ಲೊಕ್ಕನಹಳ್ಳಿಯ ಸೀಮೆಯವರಿಗೆ ಜೇನು ಹೊಸತಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ಸೋಲಿಗರು ತಲೆಮಾರುಗಳಿಂದ ಇಲ್ಲಿ ಹೆಜ್ಜೇನು ಇಳಿಸುತ್ತಾ ಬಂದಿದ್ದಾರೆ. ಕೆಳಗೆ ಕೊಳ್ಳೇಗಾಲ ರೇಷ್ಮೆಗೆ ಹೆಸರಾದ ಊರು. ಹುಳು ಸಾಕುವುದೆಂದರೆ ಎಷ್ಟು ಜೋಪಾನ ಬೇಕೆಂದು ಅಲ್ಲಿನ ಮನೆಮಂದಿಗೆ ಹೇಳಿಕೊಡಬೇಕಾಗಿಲ್ಲ.

ಕಣಜ ತನ್ನದಲ್ಲದ ಊರಿಗೆ ಹೋದರೆ ಏನಾಗುತ್ತದೆಂಬುದಕ್ಕೆ ಯುರೋಪ್ ಸಾಕ್ಷಿ. 2004ರಲ್ಲಿ ಫ್ರಾನ್ಸ್‌ನಲ್ಲಿ ಏಷ್ಯಾದ ಕಣಜವೊಂದು ಕಾಣಿಸಿಕೊಂಡಿತು. ಚೀನಾದಿಂದ ಬಂದ ಮಣ್ಣಿನ ಪಾತ್ರೆಗಳ ಸರಕಿನಲ್ಲಿ ಅದು ಬಂದಿರಬೇಕೆಂದು ತಜ್ಞರು ಭಾವಿಸುತ್ತಾರೆ. ಅದು 2010ರಲ್ಲಿ ಸ್ಪೇನ್, 2016ರಲ್ಲಿ ಬ್ರಿಟನ್ ತಲುಪಿತು. ಅಲ್ಲಿನ ಜೇನಿಗೆ ಇಂತಹ ಶತ್ರುವಿನ ಪರಿಚಯವೇ ಇರಲಿಲ್ಲ. ನಗರಗಳ ತಾರಸಿಯಲ್ಲಿ ಜೇನು ಸಾಕಿದವರೂ ಕಷ್ಟಕ್ಕೆ ಸಿಕ್ಕಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2019ರಲ್ಲಿ ಇನ್ನೊಂದು ಜಾತಿಯ ದೈತ್ಯ ಕಣಜ ಕಂಡಾಗ ಜನಸಾಮಾನ್ಯರೇ ಕಂಡಲ್ಲಿ ಕಂಡಂತೆ ಇಲಾಖೆಗೆ ತಿಳಿಸಿದರು. ಗೂಡುಗಳನ್ನು ಹುಡುಕಿ ತೆಗೆಯಲಾಯಿತು. ಅದು ಸಂಪೂರ್ಣ ನಿರ್ಮೂಲವಾಯಿತೆಂದು 2024ರ ಡಿಸೆಂಬರ್‌ನಲ್ಲಿ ಘೋಷಿಸಲಾಯಿತು.

ನಮ್ಮ ತುಡುವೆ ಜೇನಿನ ಕಥೆಯೇ ಬೇರೆ. ಅದೂ ಕಣಜವೂ ಒಂದೇ ನೆಲದಲ್ಲಿ ಕಾಲಾಂತರದಿಂದ ಬದುಕಿವೆ. ಕಣಜ ಹತ್ತಿರ ಬಂದರೆ ಬಾಗಿಲ ನೊಣಗಳು ಒಟ್ಟಾಗಿ ಮೈ ಅಲುಗಿಸಿ ಎಚ್ಚರಿಸುತ್ತವೆ. ಒಳನುಗ್ಗಿದರೆ ನೂರಾರು ನೊಣಗಳು ಉಂಡೆಯಾಗಿ ಅದನ್ನು ಮುತ್ತಿ, ಮೈ ನಡುಗಿಸಿ ಸುಮಾರು 46 ಡಿಗ್ರಿ ಸೆಲ್ಸಿಯಸ್‌ವರೆಗೆ ಶಾಖ ಹುಟ್ಟಿಸುತ್ತವೆ. ಆ ಶಾಖವನ್ನು ನೊಣ ತಾಳುತ್ತದೆ, ಕಣಜ ತಾಳಲಾರದೆ ಸಾಯುತ್ತದೆ. ವಿಯೆಟ್ನಾಂನಲ್ಲಿ ಇದೇ ಜಾತಿಯ ನೊಣಗಳು ಪ್ರಾಣಿಗಳ ಸಗಣಿಯನ್ನು ತಂದು ಬಾಗಿಲ ಸುತ್ತ ಮೆತ್ತಿ ಕಣಜವನ್ನು ದೂರವಿಡುವುದನ್ನು ವಿಜ್ಞಾನಿಗಳು 2020ರಲ್ಲಿ ವರದಿ ಮಾಡಿದರು. ಸೃಷ್ಟಿಕರ್ತನು ಇಷ್ಟು ಪುಟ್ಟ ಜೀವಿಗೆ ಎಂತಹ ತಿಳಿವಳಿಕೆ ಕೊಟ್ಟಿದ್ದಾನೆ ನೋಡಿ.

ಆದರೆ ತುಡುವೆಗೂ ಕಷ್ಟಕಾಲ ಬಂದಿತ್ತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕ, ಕೇರಳಗಳ ಪೆಟ್ಟಿಗೆಗಳನ್ನು ಬರಿದು ಮಾಡಿತು. ಮರಿಹುಳುಗಳು ಎರಿಯಲ್ಲೇ ಸತ್ತವು. ಆ ಬಳಿಕ ಹಲವರು ಹೆಚ್ಚು ತುಪ್ಪ ಕೊಡುವ ಯುರೋಪಿನ ಮೆಲ್ಲಿಫೆರಾ ಜೇನಿನತ್ತ ತಿರುಗಿದರು. ಅದಕ್ಕೆ ಕಣಜವನ್ನು ಎದುರಿಸುವ ಈ ಚಾತುರ್ಯ ಅಷ್ಟಾಗಿ ಇಲ್ಲ. ಮನೆಯಲ್ಲಿ ಒಂದೆರಡು ಪೆಟ್ಟಿಗೆ ಸಾಕುವವರಿಗೆ ಸ್ಥಳೀಯ ತುಡುವೆಯೇ ಒಳ್ಳೆಯದು.

ಪವಿತ್ರ ಕುರ್‌ಆನಿನ 16ನೇ ಅಧ್ಯಾಯದ ಹೆಸರೇ ಅನ್ನಹ್ಲ್, ಅಂದರೆ ಜೇನು. ಅದರ 68 ಮತ್ತು 69ನೇ ಸೂಕ್ತಗಳಲ್ಲಿ ಜೇನಿಗೆ ನೀಡಿದ ಆಜ್ಞೆಗಳು ಅರಬೀ ವ್ಯಾಕರಣದಲ್ಲಿ ಸ್ತ್ರೀಲಿಂಗದಲ್ಲಿವೆ. ಗೂಡು ಕಟ್ಟುವ, ಮಕರಂದ ತರುವ, ಬಾಗಿಲು ಕಾಯುವ ನೊಣಗಳೆಲ್ಲವೂ ಹೆಣ್ಣೇ! ಅಲ್ಲಿ ಜೇನಿಗೆ ಮೂರು ನೆಲೆಗಳು ಹೇಳಲ್ಪಟ್ಟಿವೆ: ಬೆಟ್ಟ, ಮರ ಮತ್ತು ಮನುಷ್ಯರು ಕಟ್ಟಿದ್ದು. ಬೆಟ್ಟದಲ್ಲಿ, ಮರದಲ್ಲಿ ಜಾಗವನ್ನು ಜೇನೇ ಆರಿಸಿಕೊಳ್ಳುತ್ತದೆ. ಪೆಟ್ಟಿಗೆಯ ಜಾಗವನ್ನು ಆರಿಸಿದವರು ನಾವು. ಹಾಗಾಗಿ ಆ ಮನೆಯ ಕಾವಲಿನಲ್ಲಿ ನಮಗೂ ಪಾಲಿದೆ. ಅದು ನಮ್ಮ ಕೈಗೆ ಬಂದ ಅಮಾನತ್ತು.

ಹಾಗಾದರೆ ಏನು ಮಾಡಬೇಕು? ಪೆಟ್ಟಿಗೆಯ ಬಾಗಿಲನ್ನು ನೊಣ ನುಸುಳುವಷ್ಟೇ ಕಿರಿದಾಗಿಡಿ, ಕಣಜಕ್ಕೆ ದಾರಿ ಸಿಗದಿರಲಿ. ಬಿರುಕುಗಳನ್ನು ಮುಚ್ಚಿ. ಮಳೆಗಾಲದಲ್ಲಿ ಹೂವು ಕಡಿಮೆಯಾದಾಗ ಸಕ್ಕರೆ ಪಾಕ ಕೊಟ್ಟು ಕುಟುಂಬವನ್ನು ಬಲವಾಗಿಡಿ. ಪಾಕ ಹೊರಗೆ ಚೆಲ್ಲಬೇಡಿ, ಆ ವಾಸನೆಗೂ ಕಣಜ ಬರುತ್ತದೆ. ಒಂದೆರಡು ಕಣಜ ಬಂದರೆ ಅನುಭವಿಗಳು ಚಪ್ಪಟೆ ಹಲಗೆಯಿಂದ ಹೊಡೆದು ಬೀಳಿಸುತ್ತಾರೆ. ಕೀಟನಾಶಕ ಮಾತ್ರ ಸಿಂಪಡಿಸಬೇಡಿ. ಅದು ಮೊದಲು ಕೊಲ್ಲುವುದು ನಿಮ್ಮ ಜೇನನ್ನೇ.

ಗೂಡು ಕಂಡರೆ ಬೆಂಕಿ ಹಚ್ಚಲು ಗಂಡಸರನ್ನೂ ಮಕ್ಕಳನ್ನೂ ಕಳುಹಿಸಬೇಡಿ. ಇರುವೆಗಳ ಗೂಡನ್ನು ಸುಟ್ಟದ್ದನ್ನು ಪ್ರವಾದಿವರ್ಯರು(ಸ) ಆಕ್ಷೇಪಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ದೂರದ ಮರದಲ್ಲಿರುವ ಗೂಡನ್ನು ಅದರ ಪಾಡಿಗೆ ಬಿಡಿ. ಬೆಳೆಗೆ ಬೀಳುವ ಕಂಬಳಿಹುಳುಗಳನ್ನೂ ಕಣಜ ಹಿಡಿಯುತ್ತದೆ. ಮನೆಯ ಸೂರಿನಲ್ಲೋ ಶಾಲೆಯ ಹತ್ತಿರವೋ ಇದ್ದು ಅಪಾಯವೆನಿಸಿದರೆ ಅಗ್ನಿಶಾಮಕ ದಳಕ್ಕೆ ಅಥವಾ ಬಲ್ಲವರಿಗೆ ತಿಳಿಸಿ ತೆಗೆಸಿ.

ಇನ್ನೊಂದು ಮುಖ್ಯ ಮಾತು. ಜೇನುನೊಣ ಒಮ್ಮೆ ಕುಟುಕಿ ಸಾಯುತ್ತದೆ, ಕಣಜ ಮತ್ತೆ ಮತ್ತೆ ಕುಟುಕಬಲ್ಲದು. ಕುಟುಕಿದ ಮೇಲೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಸುಣ್ಣ, ಅರಿಶಿನ ಹಚ್ಚುತ್ತಾ ಕೂರಬೇಡಿ. ಹಲವು ಕಣಜಗಳು ಒಟ್ಟಿಗೆ ಕುಟುಕಿದರೂ ಅಷ್ಟೇ. 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಡಿನಂಚಿನ ಹಳ್ಳಿಗಳಲ್ಲಿ ಆಸ್ಪತ್ರೆ ದೂರ. ಅಲ್ಲಿ ತಡ ಮಾಡಿದರೆ ಜೀವಕ್ಕೇ ಕುತ್ತು.

ಹೊಸದಾಗಿ ಪೆಟ್ಟಿಗೆ ಇಡಬೇಕೆಂದಿರುವವರು ತಾಲೂಕು ತೋಟಗಾರಿಕೆ ಇಲಾಖೆಯಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ. ಇಟ್ಟ ಮೇಲೆ ದಿನಕ್ಕೆ ಹತ್ತು ನಿಮಿಷ ಅದರ ಬಾಗಿಲ ಬಳಿ ಕಳೆಯಿರಿ, ಮಕ್ಕಳನ್ನೂ ತುಸು ದೂರದಲ್ಲಿ ನಿಲ್ಲಿಸಿ ತೋರಿಸಿ. ನಮ್ಮ ಕೈಗೆ ಬಂದ ಅಮಾನತ್ತುಗಳನ್ನು ಕಾಪಾಡುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.